ಬೇರು ತಾನೇ, ಏನಾಗುತ್ತೆ?

ಇಲ್ಲಿ ಜರ್ಮನಿಯಲ್ಲಿ ನಿದ್ದೆ ಸರಿಯಾಗಿ ಬರದೆ, ವಲೇರಿಯನ್ ಬೇರಿನ ಮಾತ್ರೆ ಕೇಳಿಕೊಂಡು ಔಷಧಿ ಅಂಗಡಿಗೆ ಹೋದೆ. ಅದಕ್ಕೆ ಡಾಕ್ಟರ ಚೀಟಿ ಬೇಕಿಲ್ಲ. ಆದರೂ ಕೌಂಟರಿನ ಹೆಂಗಸು ಮಾತ್ರೆ ಕೊಡುವ ಮೊದಲೇ ಕೇಳಿದರು: ಬೇರೆ ಯಾವ ಮಾತ್ರೆ ತಗೊಳ್ತೀರಿ, ಕಾರು ಓಡಿಸ್ತೀರಾ, ರಾತ್ರಿ ಕುಡಿಯೋ ಅಭ್ಯಾಸ ಇದೆಯಾ? ತುಂಬಾ ಖುಷಿಯಾಯಿತು. ಡಬ್ಬಿಯೊಳಗೆ ಮಡಚಿಟ್ಟ ಉದ್ದದ ಚೀಟಿ ಬೇರೆ. ಮಲಗುವ ಅರ್ಧ-ಒಂದು ಗಂಟೆ ಮೊದಲು ತಗೊಳ್ಳಿ, 12 ವರ್ಷದೊಳಗಿನವರಿಗೆ ಬೇಡ, ಗುಣ ಕಾಣಲು 2ರಿಂದ 4 ವಾರ ಬೇಕು.

ಅದೇ ವಾರ ಅತ್ತೆ ಫೋನ್ ಮಾಡಿದ್ದರು. "ರಾತ್ರಿ ಹಾಲಿಗೆ ಅಶ್ವಗಂಧದ ಪುಡಿ ಹಾಕ್ಕೊಂಡು ಕುಡೀತಿದ್ದೀನಿ ಕಣೋ, ಒಳ್ಳೆ ನಿದ್ದೆ." ಅತ್ತೆ ದಿನಾ ಥೈರಾಯ್ಡ್ ಮಾತ್ರೆ ನುಂಗುವವರು. ಡಾಕ್ಟರಿಗೆ ಹೇಳಿದ್ರಾ ಅಂದೆ. "ಬೇರು ತಾನೇ, ಏನಾಗುತ್ತೆ?"

ನನಗೆ ಸಿಟ್ಟು ಬರೋದು ಇಲ್ಲೇ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಮಾತ್ರೆಯೂ ಅದೂ ಸೇರಿದರೆ ಎದೆ ಡವಡವ ಅನ್ನಬಹುದು, ಕೈ ನಡುಗಬಹುದು. ಸಕ್ಕರೆ, ಬಿಪಿ, ನಿದ್ದೆ ಮಾತ್ರೆಗಳ ಜೊತೆಗೂ ಜೋಪಾನ ಬೇಕು. ಬಸುರಿಯರಿಗೆ ಬೇಡವೇ ಬೇಡ. ಅಪರೂಪಕ್ಕೆ ಲಿವರ್ ಕೆಟ್ಟು ಕಾಮಾಲೆಯಾದವರೂ ಇದ್ದಾರೆ. ನಮ್ಮ ಆಯುಷ್ ಸಚಿವಾಲಯವೇ 2021ರಲ್ಲಿ ಅಶ್ವಗಂಧದ ಎಲೆ ಬಳಸಬೇಡಿ ಅಂತ ತಯಾರಕರಿಗೆ ತಿಳಿಸಿತ್ತು. ಇದರಲ್ಲಿ ಒಂದು ಮಾತನ್ನೂ ಅತ್ತೆಗೆ ಪುಡಿ ಮಾರಿದವರು ಹೇಳಿಲ್ಲ. ಡಬ್ಬದ ಮೇಲೆ ಇದ್ದದ್ದು 'ಅಡ್ಡಪರಿಣಾಮ ಇಲ್ಲ' ಅನ್ನುವ ದಪ್ಪಕ್ಷರ ಮಾತ್ರ.

ಹಾಗಂತ ಇಲ್ಲಿಯವರದ್ದೆಲ್ಲ ಸರಿ ಅಂತಲ್ಲ. ಪಕ್ಕದ ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು, ಅದು ಜಾಸ್ತಿಯಾಯಿತು ಅನ್ನಿಸುತ್ತೆ. ಕೆಲವು ವಾರ ತಗೊಂಡವರಲ್ಲಿ ಒತ್ತಡ ಇಳಿದು ನಿದ್ದೆ ಸುಧಾರಿಸಿದ್ದನ್ನು ಸಣ್ಣ ಸಣ್ಣ ಅಧ್ಯಯನಗಳು ತೋರಿಸಿವೆ. ನಾನು ತಂದ ವಲೇರಿಯನ್ನಿಗೆ ಅಷ್ಟು ಪುರಾವೆಯೂ ಇಲ್ಲ, ನಿಜ ಹೇಳಬೇಕಲ್ವಾ. ಇನ್ನೊಂದನ್ನೂ ಒಪ್ಪಬೇಕು. ನಮ್ಮ ಹಳೇ ನಾಟಿ ವೈದ್ಯರು ನಾಡಿ ಹಿಡಿದು, ಹಸಿವು, ಮಲ, ನಿದ್ದೆ ಎಲ್ಲ ವಿಚಾರಿಸಿ, ಇಷ್ಟೇ ದಿನ ಅಂತ ಎಣಿಸಿ ಬೇರು ಕೊಡುತ್ತಿದ್ದರು. ಈ ಅಂಗಡಿಯಾಕೆಗಿಂತ ಜಾಸ್ತಿಯೇ ಕೇಳುತ್ತಿದ್ದರು.

ಅತ್ತೆಗೆ ಸದ್ಯ ಪುಡಿ ನಿಲ್ಲಿಸಲು ಹೇಳಿದ್ದೇನೆ. ಮುಂದಿನ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆಗೆ ಹೋಗುವಾಗ ಆ ಡಬ್ಬವನ್ನೂ ಡಾಕ್ಟರಿಗೆ ತೋರಿಸಲಿದ್ದಾರೆ.