ಎತ್ತರಕ್ಕೆ ಪೌಡರ್, ಹೊಟ್ಟೆಗೆ ವಂಶ

ದಾವಣಗೆರೆಯ ಪಿ.ಬಿ. ರಸ್ತೆಯ ಕರೆಂಟ್ ಕಂಬದ ಮೇಲೆ ಒಂದು ಚೀಟಿ ಅಂಟಿಸಿದ್ದರು. 'ಮೂರೇ ತಿಂಗಳಲ್ಲಿ ನಾಲ್ಕು ಇಂಚು ಎತ್ತರ, ಯಾವ ವಯಸ್ಸಾದರೂ ಸರಿ.' ನಮ್ಮ ದೊಡ್ಡಪ್ಪ ಮಗನಿಗೆ ಆ ಪೌಡರನ್ನೇ ತರಿಸಿದರು.

ಹುಡುಗನಿಗೆ 27 ವರ್ಷ. ಎತ್ತರ ಐದಡಿ ಮೂರಿಂಚು, ಬಯೋಡೇಟಾದಲ್ಲಿ ಮಾತ್ರ ಐದಡಿ ಆರು. ದೊಡ್ಡಪ್ಪ ಐದಡಿ ಎರಡು, ದೊಡ್ಡಮ್ಮ ಐದಡಿಗೂ ಒಂದಿಂಚು ಕಮ್ಮಿ. ಅಂದರೆ ಅವನು ಆಗಲೇ ಇಬ್ಬರನ್ನೂ ಮೀರಿಸಿದ್ದಾನೆ. ಕರೆದು ಶಾಲು ಹೊದಿಸುವುದು ಬಿಟ್ಟು ಹಾಲಿಗೆ ಪೌಡರ್ ಕಲಸಿ ಕುಡಿಸುತ್ತಿದ್ದಾರೆ.

ಹೊಟ್ಟೆ ತುಂಬ ಊಟ ಸಿಗುವ ಕಡೆ, ಜನರ ಎತ್ತರದಲ್ಲಿ ಕಾಣುವ ಹೆಚ್ಚುಕಮ್ಮಿಗೆ ಸುಮಾರು ಶೇ. 80ರಷ್ಟು ಕಾರಣ ಜೀನ್‌ಗಳೇ. 2022ರಲ್ಲಿ ಸುಮಾರು 54 ಲಕ್ಷ ಜನರ ಡಿಎನ್‌ಎ ಜಾಲಾಡಿ ಎತ್ತರಕ್ಕೆ ನಂಟಿರುವ 12,111 ವ್ಯತ್ಯಾಸಗಳನ್ನು ಗುರುತಿಸಿದರು, ಒಂದೊಂದರದ್ದೂ ಚೂರುಪಾರು ಕೈವಾಡ. ಇಷ್ಟನ್ನೂ ದಿನಕ್ಕೆ ಎರಡು ಚಮಚ ಪೌಡರ್ ತಿದ್ದುತ್ತದಂತೆ! ಹರೆಯ ಮುಗಿಯುವಷ್ಟರಲ್ಲಿ ಮೂಳೆ ತುದಿಯ ಬೆಳೆಯುವ ಭಾಗ ಗಟ್ಟಿಯಾಗಿ ಮುಚ್ಚಿಹೋಗಿರುತ್ತದೆ. ಬಾಗಿಲು ಹಾಕಿದ ಅಂಗಡಿ ಮುಂದೆ ನಿಂತು ಸಾಮಾನು ಕೇಳಿದ ಹಾಗಾಯ್ತು. ಊಟದಿಂದ ಎತ್ತರ ಸಿಗುವುದು ಚಿಕ್ಕಂದಿನಲ್ಲಿ. ಆ ವಯಸ್ಸಿನ ಮಕ್ಕಳಿಗೆ ಶಾಲೆಯಲ್ಲಿ ಮೊಟ್ಟೆ ಕೊಟ್ಟರೆ ನಾವು ಜಗಳಕ್ಕೆ ನಿಲ್ಲುತ್ತೇವೆ, ಅದು ಬೇರೆ ಮಾತು.

ಇನ್ನು ದೊಡ್ಡಪ್ಪನ ಹೊಟ್ಟೆ. ಅಲ್ಲಿ ಅವರು ಪಕ್ಕಾ ವಿಜ್ಞಾನಿ. "ಏನ್ ಮಾಡೋದಪ್ಪ, ನಮ್ ವಂಶನೇ ಹಿಂಗೆ" ಎನ್ನುತ್ತಾ ಮೂರನೇ ಬೆಣ್ಣೆ ದೋಸೆಗೆ ಕೈ ಹಾಕುತ್ತಾರೆ, ಸಂಜೆ ಮಂಡಕ್ಕಿ ಮಿರ್ಚಿ ಮುಂದೆಯೂ ಅದೇ ಮಾತು. ಪೂರ್ತಿ ಸುಳ್ಳೇನಲ್ಲ. ತೂಕದಲ್ಲೂ ಜೀನ್‌ಗಳ ಪಾಲು ದೊಡ್ಡದೇ, ಹಸಿವು ಜಾಸ್ತಿ ಮಾಡುವಂಥವೂ ಇವೆ. ಆದರೆ ಅವುಗಳಲ್ಲಿ ಹೆಸರುವಾಸಿಯಾದ ಎಫ್‌ಟಿಒ ಜೀನ್‌ನ ತೂಕ ಹೆಚ್ಚಿಸುವ ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ, ಸರಾಸರಿ ಜಾಸ್ತಿಯಾಗುವುದು ಸುಮಾರು 3 ಕೆಜಿ. 2007ರಲ್ಲೇ ಗೊತ್ತಾದ ಸಂಗತಿ. ದೊಡ್ಡಪ್ಪ 96 ಕೆಜಿ. ಎಫ್‌ಟಿಒ ಲೆಕ್ಕಕ್ಕೆ ಮೂರು ಬರೆದುಕೊಳ್ಳೋಣ, ಇನ್ನುಳಿದ ಜೀನ್‌ಗಳಿಗೂ ಧಾರಾಳವಾಗಿ ಒಂದಷ್ಟು ಹಾಕೋಣ. ಮಿಕ್ಕಿದ್ದಕ್ಕೆ ಹೋಟೆಲ್ ಸಪ್ಲೈಯರ್ ಸಾಕ್ಷಿ.

ಮೊನ್ನೆ ಮೂರು ತಿಂಗಳು ಮುಗಿಯಿತು. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದರು, ಹಳೇ ಪೆನ್ಸಿಲ್ ಗೆರೆ ಅಲ್ಲೇ ಇತ್ತು. ತಕ್ಕಡಿ ಹತ್ತಿಸಿದರೆ ನಾಲ್ಕು ಕೆಜಿ ಏರಿದ್ದ.

"ನೋಡಿದ್ಯಾ," ಅಂದರು ದೊಡ್ಡಪ್ಪ, "ನಮ್ ವಂಶನೇ ಹಿಂಗೆ."