ಕ್ರಿಸ್ ಮ್ಯಾಥ್ಯೂಸ್ ಬಗ್ಗೆ ಒಂದು ಸ್ಪಷ್ಟನೆ

‘ಎತ್ತರದ ಆಟಗಾರನನ್ನು ಬೆಂಚಿನಲ್ಲಿ ಕೂರಿಸಬೇಡಿ, ಮ್ಯಾಥ್ಯೂಸ್ ನೋಡಿ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಒಂದು ಚೆಂಡನ್ನೂ ಹಿಡಿಯದವನು ನೇರ ಸೂಪರ್ ಬೌಲ್‌ನಲ್ಲಿ ಮಿಂಚಿದ’ ಎಂಬ ಮಾತು ಅಮೆರಿಕನ್ ಫುಟ್‌ಬಾಲ್ ಆಟಗಾರ ಕ್ರಿಸ್ ಮ್ಯಾಥ್ಯೂಸ್ ಬಗ್ಗೆ ಓಡಾಡುತ್ತಿದೆ. (ಸೂಪರ್ ಬೌಲ್ ಅಂದರೆ ಅಲ್ಲಿನ ಎನ್‌ಎಫ್‌ಎಲ್ ಲೀಗ್‌ನ ಫೈನಲ್.) ಇದರಲ್ಲಿ ಅರ್ಧ ಮಾತ್ರ ನಿಜ.

ಎನ್‌ಎಫ್‌ಎಲ್‌ನಲ್ಲಿ ಅವರ ಮೊದಲ ಕ್ಯಾಚ್ 2015ರ ಫೆಬ್ರುವರಿ 1ರ ಸೂಪರ್ ಬೌಲ್‌ನಲ್ಲೇ ಬಂತು, ಸರಿ. ಆದರೆ 2012ರಲ್ಲೇ ಕೆನಡಾದ ಲೀಗ್‌ನಲ್ಲಿ ವಿನಿಪೆಗ್ ಪರ 81 ಕ್ಯಾಚ್ ಹಿಡಿದು, ಚೆಂಡನ್ನು ಒಟ್ಟು 1,192 ಗಜ ಮುಂದೆ ಸಾಗಿಸಿ, ವರ್ಷದ ಶ್ರೇಷ್ಠ ಹೊಸ ಆಟಗಾರ ಎನಿಸಿಕೊಂಡಿದ್ದರು. ಸುಮ್ನೆ ಉದ್ದಕ್ಕಿದ್ದ ಹುಡುಗನಲ್ಲ. ಆ ದುಡಿಮೆಯನ್ನು ಮರೆಯುವುದು ನನಗೆ ಬೇಸರ ತರುತ್ತದೆ.

ಎತ್ತರ ನೆರವಾಗಿದ್ದಂತೂ ಹೌದು. ಆ ಸೂಪರ್ ಬೌಲ್‌ನಲ್ಲಿ ಸಿಯಾಟಲ್ ತಂಡದ ಮ್ಯಾಥ್ಯೂಸ್ 6 ಅಡಿ 5 ಇಂಚು, ಅವರ ಕಾವಲಿಗಿದ್ದ ಎದುರಾಳಿ ತಂಡ ಪೇಟ್ರಿಯಟ್ಸ್‌ನ ಕೈಲ್ ಆರಿಂಗ್ಟನ್ 5 ಅಡಿ 10. ಆರಿಂಗ್ಟನ್ ಮೈಗೆ ಅಂಟಿಕೊಂಡೇ ಓಡಿದರು, ಆದರೂ ಮ್ಯಾಥ್ಯೂಸ್ ಹಾರಿ ಅವರ ತಲೆ ಮೇಲಿಂದ ಚೆಂಡು ಕಿತ್ತುಕೊಂಡರು. 44 ಗಜ! ಮೊದಲಾರ್ಧದ ಕೊನೆಯ ಕ್ಷಣದಲ್ಲಿ ಒಂದು ಟಚ್‌ಡೌನ್ (ಚೆಂಡಿನೊಂದಿಗೆ ಎದುರಾಳಿಯ ಗೋಲ್ ಗೆರೆ ದಾಟಿ ಅಂಕ ಗಳಿಸುವುದು). ಒಟ್ಟು 4 ಕ್ಯಾಚ್, 109 ಗಜ.

ಆಮೇಲೆ ಎದುರಾಳಿಗಳು 6 ಅಡಿ 4 ಇಂಚಿನ ಬ್ರ್ಯಾಂಡನ್ ಬ್ರೌನರ್‌ರನ್ನು ಎದುರು ನಿಲ್ಲಿಸಿದರು. ಅಲ್ಲಿಗೆ ಮ್ಯಾಥ್ಯೂಸ್‌ಗೆ ಚೆಂಡು ಸಿಗುವುದೇ ನಿಂತಿತು. ಪಂದ್ಯ 28-24ಕ್ಕೆ ಕೈತಪ್ಪಿತು. ಮುಂದಿನ ಋತು ಮುಗಿಯುವ ಮೊದಲೇ ಸಿಯಾಟಲ್ ಮ್ಯಾಥ್ಯೂಸ್‌ರನ್ನು ತಂಡದಿಂದ ಕೈಬಿಟ್ಟಿತು.

ಇಂಥ ಆಟಗಾರನಿಗೆ ಅವಕಾಶ ಕೊಡಲೇಬೇಕು ಅಂತ ನಾನೂ ಹೇಳ್ತೇನೆ. ಎದುರಿಗೆ ಗಿಡ್ಡ ಕಾವಲುಗಾರ ಇದ್ದಾಗ, ಗೋಲ್ ಗೆರೆ ಹತ್ತಿರ ಇದ್ದಾಗ ಜಾಸ್ತಿ ಕೊಡಿ. ಆದರೆ ಅಳತೆಪಟ್ಟಿ ನೋಡಿ ಇಡೀ ಪಂದ್ಯ ಆಡಿಸಿ ಎನ್ನಲು ಮ್ಯಾಥ್ಯೂಸ್ ಸಾಕ್ಷಿಯಾಗುವುದಿಲ್ಲ.