ಪುಸ್ತಕಕ್ಕೆ ಬೈಂಡಿಂಗ್ ಬೇಡ, ಟ್ಯಾಗ್ ಕಟ್ಟಿ ಕೊಡಿ

ದಾವಣಗೆರೆ ಜನರದ್ದೊಂದು ವಿನಂತಿ. ಇನ್ನು ಮೇಲೆ ಶಾಲೆ ಪುಸ್ತಕಕ್ಕೆ ಹೊಲಿಗೆ, ಗೋಂದು ಯಾವುದೂ ಬೇಡ. ತಾಲ್ಲೂಕು ಕಚೇರಿ ಫೈಲಿನ ಥರ ತೂತು ಹೊಡೆದು ಟ್ಯಾಗ್ ಕಟ್ಟಿ ಕೊಡಿ. ಸರ್ಕಾರ ಬದಲಾದಾಗ ಹಾಳೆ ತೆಗೆಯೋಕೂ ಸುಲಭ, ಸೇರಿಸೋಕೂ ಸುಲಭ.

ಸುಮ್ನೆ ಹೇಳ್ತಿಲ್ಲ. 2017ರಲ್ಲಿ ಬರಗೂರು ರಾಮಚಂದ್ರಪ್ಪ ಸಮಿತಿ ಪರಿಷ್ಕರಿಸಿದ ಪುಸ್ತಕ ಬಂತು. ಅದನ್ನು ರೋಹಿತ್ ಚಕ್ರತೀರ್ಥ ಸಮಿತಿ ಮತ್ತೆ ಪರಿಷ್ಕರಿಸಿತು, 2022ರಲ್ಲಿ ಊರೆಲ್ಲ ಗಲಾಟೆ ಆಯಿತು. 2023ರಲ್ಲಿ ಸರ್ಕಾರವೇ ಬದಲಾಯಿತು. ಅಷ್ಟು ಹೊತ್ತಿಗೆ ಪುಸ್ತಕ ಪ್ರಿಂಟಾಗಿ ಶಾಲೆ ಸೇರಿತ್ತು. ಹೆಡಗೇವಾರ್ ಪಾಠ ಬಿಡಿ, ಸಾವರ್ಕರ್ ಪಾಠ ಬಿಡಿ, ಬದಲಿಗೆ ಇದನ್ನು ಓದಿಸಿ ಅಂತ ಹಿಂದಿನಿಂದ ಪೂರಕ ಪುಸ್ತಿಕೆ ಬಂತು.

ನಮ್ಮ ಓಣಿಯ ಮೇಷ್ಟ್ರು ಬಿಟ್ಟ ಪಾಠಕ್ಕೆ ಮಕ್ಕಳ ಕೈಲಿ ಅಡ್ಡಗೆರೆ ಹಾಕಿಸಿದರು. ‘ಪೆನ್ ಬೇಡ್ರೋ, ಪೆನ್ಸಿಲ್‌ನಲ್ಲಿ ಹಾಕಿ’ ಅಂದರು. ಅನುಭವಸ್ಥರು. ಐದು ವರ್ಷಕ್ಕೆ ಮತ್ತೆ ಎಲೆಕ್ಷನ್ ಬರುತ್ತಲ್ವಾ, ರಬ್ಬರ್ ಬೇಕಾಗಬಹುದು.

1976ರಲ್ಲಿ ಶಿಕ್ಷಣ ಸಮವರ್ತಿ ಪಟ್ಟಿ ಸೇರಿತು, ಅಂದರೆ ಕೇಂದ್ರ, ರಾಜ್ಯ ಇಬ್ಬರೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ. ಅಲ್ಲಿಂದ ಕತ್ತರಿಗೆ ಇಬ್ಬರು ಯಜಮಾನರು. ದಿಲ್ಲಿಯವರೇನು ಕಡಿಮೆ ಇಲ್ಲ. ಕೋವಿಡ್‌ನಿಂದ ಮಕ್ಕಳಿಗೆ ಹೊರೆ ಜಾಸ್ತಿ ಆಯಿತು ಅಂತ ಕೇಂದ್ರದ ಪಠ್ಯಪುಸ್ತಕ ಮಾಡುವ ಎನ್‌ಸಿಇಆರ್‌ಟಿ ಹತ್ತನೇ ಕ್ಲಾಸಿನ ವಿಜ್ಞಾನದಿಂದ ವಿಕಾಸವಾದ ತೆಗೆಯಿತು. 2023ರಲ್ಲಿ ಮಾಸ್ಕ್ ಬಿಚ್ಚಿ ಶಾಲೆಗೆ ಬಂದವರಿಗೂ ಡಾರ್ವಿನ್ ಸಿಗಲಿಲ್ಲ. ಬ್ಯಾಗಿನ ಭಾರ ಮಾತ್ರ ಹಾಗೇ ಇದೆ, ಬೇಕಾದರೆ ಎತ್ತಿ ನೋಡಿ.

ಇನ್ನು ವಿದ್ವಾಂಸರ ಪಾಡು. ರಾಜ್ಯಶಾಸ್ತ್ರದ ಪುಸ್ತಕ ಮಾಡಿಕೊಟ್ಟಿದ್ದ ಯೋಗೇಂದ್ರ ಯಾದವ್, ಸುಹಾಸ್ ಪಳಶೀಕರ್ ಅದೇ ವರ್ಷ ಪತ್ರ ಬರೆದರು: ಇಷ್ಟೆಲ್ಲ ಕತ್ತರಿಸಿದ ಮೇಲೆ ಇದು ನಮ್ಮ ಪುಸ್ತಕ ಅಲ್ಲ, ನಮ್ಮ ಹೆಸರೂ ತೆಗೆಯಿರಿ. ಎನ್‌ಸಿಇಆರ್‌ಟಿ ಸುತರಾಂ ಒಪ್ಪಲಿಲ್ಲ. ನೋಡಿ, ಪಾಠ ತೆಗೆಯಬಹುದು. ಹೆಸರು ತೆಗೆಯೋಕೆ ಬರಲ್ಲ!

ಇವರೆಲ್ಲರಿಗಿಂತ ಚಿತ್ರದುರ್ಗದ ಕೋಟೆ ಗೈಡ್ ಪುಣ್ಯವಂತ. ವಿಧಾನಸೌಧದಲ್ಲಿ ಯಾರೇ ಕೂತರೂ, ಅವನ ಬಾಯಲ್ಲಿ 1779ರಲ್ಲಿ ಮದಕರಿ ನಾಯಕನನ್ನು ಸೋಲಿಸಿದ್ದು ಹೈದರಾಲಿಯೇ. ಅವನಿಗೆ ಪೂರಕ ಪುಸ್ತಿಕೆ ಬಂದಿಲ್ಲ.

ಅದಕ್ಕೇ ಇನ್ನೊಂದು ವಿನಂತಿ. ಮುಂದಿನ ಪರಿಷ್ಕರಣಾ ಸಮಿತಿಯ ಮೊದಲ ಸಭೆ ಆ ಕೋಟೆಯಲ್ಲೇ ಇಡಿ. ಹೆಬ್ಬಾಗಿಲಿನಿಂದ ಬೇಡ, ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರೇ ತಲೆ ಬಗ್ಗಿಸಿ ನುಸುಳಿ ಬರಲಿ. ಅಧ್ಯಕ್ಷರೇ ಮೊದಲು. ಹೆದರಬೇಡಿ, ಒಳಗೆ ಒನಕೆ ಇರಲ್ಲ. ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ನಿಂತಿರುತ್ತಾಳೆ, ಅಷ್ಟೇ. ‘ಸಾರ್, ಪರೀಕ್ಷೆಗೆ ಯಾವ ಸರ್ಕಾರದ್ದು ಓದಬೇಕು?’